ಕ್ಯಾಮ್ ತಳ್ಳುತ್ತದೆ, ಎಳೆಯುವುದಿಲ್ಲ

ಸ್ಪ್ರಿಂಗಿಗೆ ತೂಕ ನೇತುಹಾಕಿ ಅದರ ಆಂದೋಲನದ ಅವಧಿಯನ್ನು ಅಳೆಯುವ ಪ್ರಯೋಗವನ್ನು ನೀವು ಮಾಡಿರುತ್ತೀರಿ, ಇಲ್ಲವೇ ಮಾಡಿಸಿರುತ್ತೀರಿ. ‘ಇದರಿಂದ ಏನು ಉಪಯೋಗ ಸಾರ್?’ ಎಂದು ಕೇಳುವ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬನಾದರೂ ಇರುತ್ತಾನೆ. ಅವನಿಗೆ ನಾನು ಅಮೆರಿಕದ ಹಾಟ್ ರಾಡ್ ಕಾರುಗಳ ಕಥೆ ಹೇಳುತ್ತೇನೆ.

1932ರಲ್ಲಿ ಫೋರ್ಡ್ ಕಂಪನಿಯು ಸಾಮಾನ್ಯರ ಕೈಗೆಟಕುವ ಬೆಲೆಗೆ ಎಂಟು ಸಿಲಿಂಡರಿನ ‘ವಿ-8’ ಎಂಜಿನ್ ಇದ್ದ ಕಾರನ್ನು ಮಾರುಕಟ್ಟೆಗೆ ತಂದಿತು. ಗಾತ್ರ 3.6 ಲೀಟರ್, ಸಾಮರ್ಥ್ಯ 65 ಅಶ್ವಶಕ್ತಿ. ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಇಂಥ ಹಳೆಯ ಕಾರುಗಳನ್ನು ಕೊಂಡು, ಭಾರವೆನಿಸಿದ್ದನ್ನೆಲ್ಲ ಕಳಚಿ, ಮುರಾಕ್‌ನಂಥ ಒಣ ಕೆರೆಗಳ ಮೇಲೆ ಓಡಿಸುತ್ತಿದ್ದರು. ವೇಗವನ್ನು ಕ್ರಮಬದ್ಧವಾಗಿ ಅಳೆಯಲೆಂದು 1937ರಲ್ಲಿ ಅವರದೇ ಒಂದು ಸಂಘವೂ ಹುಟ್ಟಿತು.

ಎಂಜಿನ್ನಿನ ಶಕ್ತಿ ಹೆಚ್ಚಬೇಕಾದರೆ ಅದು ಹೆಚ್ಚು ಗಾಳಿಯನ್ನು ಉಸಿರಾಡಬೇಕು. ಎಂದರೆ ಕವಾಟಗಳು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿರಬೇಕು. ಕವಾಟವನ್ನು ತೆರೆಯುವುದು ಕ್ಯಾಮ್ ದಂಡದ ಮೇಲಿನ ಉಬ್ಬು. ಎಡ್ ವಿನ್‌ಫೀಲ್ಡ್, ಅವರ ನಂತರ ಎಡ್ ಇಸ್ಕೆಂಡೇರಿಯನ್ ಮೊದಲಾದವರು ಈ ದಂಡಗಳನ್ನು ಹೊಸ ಆಕಾರಕ್ಕೆ ಅರೆದುಕೊಡುವುದನ್ನೇ ಕಸುಬು ಮಾಡಿಕೊಂಡರು. ಲೋಹವನ್ನು ಅರೆದು ತೆಗೆದರೆ ಉಬ್ಬು ಹೆಚ್ಚುವುದು ಹೇಗೆ? ಕವಾಟದ ಏರಿಕೆ ಎಂದರೆ ಉಬ್ಬಿನ ತುದಿಗೂ ಬುಡದ ವೃತ್ತಕ್ಕೂ ಇರುವ ವ್ಯತ್ಯಾಸ. ಬುಡದ ವೃತ್ತವನ್ನು ಕಿರಿದಾಗಿಸಿದರೆ ಸಾಕು. ಆದರೆ ಆಗ ಕ್ಯಾಮಿಗೂ ಟ್ಯಾಪೆಟ್ಟಿಗೂ ನಡುವೆ ಸಂದು ಬೀಳುತ್ತದೆ. ಫೋರ್ಡಿನ ಮೂಲ ಟ್ಯಾಪೆಟ್ಟನ್ನು ಹೊಂದಿಸಲು ಬರುತ್ತಿರಲಿಲ್ಲ. ಹಾಗಾಗಿ ಕ್ಯಾಮ್ ಬದಲಾಯಿಸಿದವನು ಹೊಂದಿಸಬಹುದಾದ ಟ್ಯಾಪೆಟ್ಟುಗಳನ್ನೂ ಕೊಳ್ಳಬೇಕಾಯಿತು. ಮುಂದಿನ ಸರದಿ ಸ್ಪ್ರಿಂಗಿನದು. ಲಿಂಕನ್ ಜೆಫಿರ್ ಕಾರಿನ ಗಡುಸಾದ ಸ್ಪ್ರಿಂಗುಗಳು ಈ ಹುಡುಗರಲ್ಲಿ ಬಹಳ ಬಳಕೆಗೆ ಬಂದವು.

ಸ್ಪ್ರಿಂಗ್ ಏಕೆ ಬದಲಾಗಬೇಕು? ಕ್ಯಾಮ್ ಕವಾಟವನ್ನು ತಳ್ಳಬಲ್ಲದು, ಹಿಂದಕ್ಕೆ ಎಳೆಯಲಾರದು. ಮರಳಿ ತರುವ ಕೆಲಸ ಸ್ಪ್ರಿಂಗಿನದು. ಒಂದು ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ. ಕ್ರ್ಯಾಂಕ್ 270 ಡಿಗ್ರಿ ತಿರುಗುವಷ್ಟು ಹೊತ್ತು ಕವಾಟ ತೆರೆದಿರುತ್ತದೆ. ಏರಿಕೆ 10 ಮಿಲಿಮೀಟರ್. ತೆರೆದು ಮುಚ್ಚಲು ಸಿಗುವ ಸಮಯ 7.5 ಮಿಲಿಸೆಕೆಂಡ್ ಮಾತ್ರ. ಈ ಚಲನೆಯನ್ನು 5 ಮಿಲಿಮೀಟರ್ ಪಾರವುಳ್ಳ ಸರಳ ಸಂಗತ ಚಲನೆ ಎಂದುಕೊಳ್ಳಿ (ನಿಜವಾದ ಕ್ಯಾಮಿನ ಚಲನೆ ಇಷ್ಟು ಸರಳವಲ್ಲ). ಗರಿಷ್ಠ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 3500 ಮೀಟರ್ ಎಂದು ಬರುತ್ತದೆ. ಇದು ಗುರುತ್ವದ 350 ಪಟ್ಟಿಗೂ ಹೆಚ್ಚು! ಚಲಿಸುವ ಭಾಗಗಳ ರಾಶಿ 200 ಗ್ರಾಂ ಇದ್ದರೆ ಸ್ಪ್ರಿಂಗ್ 700 ನ್ಯೂಟನ್ ಬಲ ಒದಗಿಸಬೇಕು, ಎಂದರೆ ಸುಮಾರು ಒಂದೂವರೆ ಸಿಮೆಂಟ್ ಚೀಲದ ಭಾರ. ವೇಗ 7000ಕ್ಕೆ ಏರಿದರೆ? ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸುಮಾರು 950 ನ್ಯೂಟನ್ ಬೇಕು. ಆಗ ಎರಡು ಚೀಲ.

ಅಷ್ಟು ಬಲ ಇಲ್ಲದಿದ್ದರೆ ಕವಾಟವು ಕ್ಯಾಮಿನ ಸಂಪರ್ಕ ಬಿಟ್ಟು ತೇಲುತ್ತದೆ. ತಡವಾಗಿ ಬಂದು ತನ್ನ ಪೀಠಕ್ಕೆ ಬಡಿದು ಪುಟಿಯುತ್ತದೆ. ಇದೇ ‘ವಾಲ್ವ್ ಫ್ಲೋಟ್’. ಹಾಗೆಂದು ಸಿಕ್ಕಷ್ಟು ಗಡುಸಾದ ಸ್ಪ್ರಿಂಗ್ ಹಾಕುವಂತೆಯೂ ಇಲ್ಲ, ಕ್ಯಾಮ್ ಮತ್ತು ಟ್ಯಾಪೆಟ್ಟುಗಳು ಸವೆದುಹೋಗುತ್ತವೆ. ಜಾಣತನವಿರುವುದು ರಾಶಿಯನ್ನು ಇಳಿಸುವುದರಲ್ಲಿ.

ಫೋರ್ಡಿನ ಆ ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿ ಇದ್ದುದರಿಂದ, ತೇಲಿದ ಕವಾಟ ಪಿಸ್ಟನ್ನಿಗೆ ತಾಗುತ್ತಿರಲಿಲ್ಲ. ಕವಾಟಗಳನ್ನು ಸಿಲಿಂಡರಿನ ನೆತ್ತಿಯ ಮೇಲಿಟ್ಟ 1955ರ ಷೆವ್ರೊಲೆ ವಿ-8 ಹಾಟ್ ರಾಡ್ ಲೋಕವನ್ನು ಗೆದ್ದ ಮೇಲೆ ತಪ್ಪಿನ ಬೆಲೆ ಏರಿತು. ಇಲ್ಲಿ ಕ್ಯಾಮಿನ ಚಲನೆ ಟ್ಯಾಪೆಟ್, ತಳ್ಳುಕಡ್ಡಿ, ರಾಕರ್ ಎಂಬ ಸನ್ನೆಗಳ ಮೂಲಕ ಕವಾಟವನ್ನು ಮುಟ್ಟುತ್ತದೆ. ಷೆವ್ರೊಲೆಯ ರಾಕರ್ ಉಕ್ಕಿನ ತಗಡನ್ನು ಒತ್ತಿ ಮಾಡಿದ್ದು, ಬಲು ಹಗುರ. ಅದರ ಸನ್ನೆ ಅನುಪಾತ 1.5. ತಳ್ಳುಕಡ್ಡಿಯು ಕವಾಟಕ್ಕಿಂತ ಒಂದೂವರೆ ಪಟ್ಟು ನಿಧಾನವಾಗಿ ಚಲಿಸುತ್ತದೆ. ಚಲನಶಕ್ತಿಯ ಲೆಕ್ಕದಲ್ಲಿ ಅದರ ರಾಶಿಯನ್ನು 1.5ರ ವರ್ಗದಿಂದ, ಎಂದರೆ 2.25ರಿಂದ ಭಾಗಿಸಬೇಕು. ಆದ್ದರಿಂದ ಕವಾಟದಲ್ಲಿ ಒಂದು ಗ್ರಾಂ ಉಳಿಸಿದರೆ ತಳ್ಳುಕಡ್ಡಿಯಲ್ಲಿ ಎರಡೂಕಾಲು ಗ್ರಾಂ ಉಳಿಸಿದಂತೆ! ಅನುಭವಿ ಮೆಕ್ಯಾನಿಕ್ ಹಗುರವಾದ ಕವಾಟ ಆರಿಸಿ, ತಳ್ಳುಕಡ್ಡಿ ಮಾತ್ರ ಬಾಗದಂತೆ ದಪ್ಪನೆಯದನ್ನೇ ಹಾಕುವುದು ಇದಕ್ಕೇ. ಇನ್ನು ಸ್ಪ್ರಿಂಗಿನ ಸ್ವಂತ ರಾಶಿಯಲ್ಲಿ ಮೂರನೇ ಒಂದು ಭಾಗ ಲೆಕ್ಕಕ್ಕೆ ಸೇರುತ್ತದೆ. ಪ್ರಯೋಗಾಲಯದಲ್ಲಿ ನಾವು ಸೇರಿಸುವ ಅದೇ ಮೂರನೇ ಒಂದು ಭಾಗ.

ಸದ್ದು ಕಡಿಮೆ ಎಂದು ಜನಪ್ರಿಯವಾಗಿದ್ದ ಹೈಡ್ರಾಲಿಕ್ ಟ್ಯಾಪೆಟ್ಟುಗಳಿಗೂ ಒಂದು ತೊಡಕಿತ್ತು. ಕವಾಟ ತೇಲಿದೊಡನೆ ಉಂಟಾದ ಸಂದಿಗೆ ಎಣ್ಣೆ ನುಗ್ಗಿ, ಕವಾಟ ಪೂರ್ತಿ ಮುಚ್ಚದಂತೆ ಎತ್ತಿ ಹಿಡಿಯುತ್ತಿತ್ತು. 1957ರಲ್ಲಿ 283 ಘನ ಅಂಗುಲದಿಂದ 283 ಅಶ್ವಶಕ್ತಿ ತೆಗೆದ ಷೆವ್ರೊಲೆ ಎಂಜಿನ್ನಿನಲ್ಲಿ ಜೋರಾ ಆರ್ಕಸ್-ಡಂಟೊವ್ ಅವರ ಕ್ಯಾಮಿನ ಜೊತೆಗೆ ಗಟ್ಟಿ ಟ್ಯಾಪೆಟ್ಟುಗಳನ್ನೇ ಬಳಸಿದ್ದರು.

ಹೊಸ ಕ್ಯಾಮ್ ಹಾಕಿದವರು ಎಂಜಿನ್ನನ್ನು ಚಾಲೂ ಮಾಡುವ ಮೊದಲು ಪಿಸ್ಟನ್ನಿನ ನೆತ್ತಿಗೆ ಮಕ್ಕಳು ಆಡುವಂಥ ಮೆತ್ತನೆಯ ಜೇಡಿಯನ್ನು ಮೆತ್ತಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತಾರೆ. ಎರಡೇ ಸುತ್ತು ಏಕೆಂದು ನಿಮಗೆ ಗೊತ್ತು. ಮೇಲಿನ ತಲೆಯನ್ನು ಬಿಚ್ಚಿ, ಕವಾಟ ಒತ್ತಿದ ಗುಳಿಯಲ್ಲಿ ಜೇಡಿಯ ದಪ್ಪವನ್ನು ಅಳೆಯುತ್ತಾರೆ. ಒಳಗವಾಟಕ್ಕೆ 2 ಮಿಲಿಮೀಟರ್, ಹೊರಗವಾಟಕ್ಕೆ ಎರಡೂವರೆ ಇರಬೇಕೆಂಬುದು ರೂಢಿ. ಹೊರಗವಾಟ ಮುಚ್ಚುತ್ತಿರುವಾಗ ಪಿಸ್ಟನ್ ಅದನ್ನು ಬೆನ್ನಟ್ಟಿ ಬರುತ್ತಿರುತ್ತದೆ. ಸ್ಪ್ರಿಂಗ್ ಒಂದಿಷ್ಟು ಸೋತರೂ ಕವಾಟ ಪಾರಾಗಲೆಂದು ಬಿಟ್ಟ ಜಾಗ ಆ ಅರ್ಧ ಮಿಲಿಮೀಟರ್.