ಗುಹಾಲಯ, ಇಗರ್ಜಿ, ಮತ್ತೆ ಗುಹಾಲಯ

ಮುಂಬಯಿಯ ಜೋಗೇಶ್ವರಿಗೆ ಆ ಹೆಸರು ಬಂದದ್ದು ಅಲ್ಲಿನ ಗುಹಾಲಯದ ದೇವಿ ಯೋಗೇಶ್ವರಿಯಿಂದ. 6ನೇ ಶತಮಾನದಲ್ಲಿ ಬಂಡೆ ಕೊರೆದು ಮಾಡಿದ ಈ ಶೈವ ಗುಹೆಯಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ಉತ್ತರಕ್ಕೆ ಬೊರಿವಲಿಯಲ್ಲಿರುವ ಮಂಡಪೇಶ್ವರವೂ ಇದೇ ಪರಂಪರೆಯ ಗುಹೆ. ಅದರ ಚರಿತ್ರೆ ಮಾತ್ರ ಬೇರೆ ದಾರಿ ಹಿಡಿಯಿತು.

ಮಂಡಪೇಶ್ವರದ ಭಿತ್ತಿಗಳಲ್ಲಿ ನಟರಾಜ, ಲಕುಲೀಶ, ಶಿವಪಾರ್ವತಿಯರ ಕಲ್ಯಾಣದ ಕೆತ್ತನೆಗಳಿದ್ದವು. ಗುಜರಾತಿನ ಸುಲ್ತಾನ ಬಹಾದೂರ್ ಶಾ 1534ರ ಒಪ್ಪಂದದಲ್ಲಿ ವಸಯಿಯೊಡನೆ ಸಾಲ್ಸೆಟ್ ದ್ವೀಪವನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಜೋಗೇಶ್ವರಿ, ಬೊರಿವಲಿಗಳೆರಡೂ ಈ ದ್ವೀಪದ ಭಾಗ. 16ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಆಂಟೋನಿಯೊ ದೊ ಪೋರ್ಟೊ ಮಂಡಪೇಶ್ವರದ ಗುಹೆಯನ್ನು ಮೇರಿ ಮಾತೆಯ ಇಗರ್ಜಿಯಾಗಿ ಮಾರ್ಪಡಿಸಿದ. ಹಳೆಯ ಶಿಲ್ಪಗಳ ಮುಂದೆ ಗೋಡೆ ಎದ್ದಿತು. ಒಂದೆಡೆ ಬಂಡೆಯ ಮೇಲೆಯೇ ದೊಡ್ಡ ಶಿಲುಬೆಯನ್ನು ಕೊರೆಯಲಾಯಿತು. ಗುಹೆಯ ನೆತ್ತಿಯ ಮೇಲೆ ಮಠವೂ ವಿದ್ಯಾಲಯವೂ ತಲೆಯೆತ್ತಿದವು. ಕನ್ಹೇರಿಯ ಬೌದ್ಧ ಗುಹೆಯೊಂದನ್ನೂ ಇದೇ ಪಾದ್ರಿ ಇಗರ್ಜಿ ಮಾಡಿದ್ದ.

ಮರಾಠರು 1737ರಲ್ಲಿ ಸಾಲ್ಸೆಟ್ಟನ್ನೂ 1739ರಲ್ಲಿ ವಸಯಿ ಕೋಟೆಯನ್ನೂ ಗೆದ್ದುಕೊಂಡ ಮೇಲೆ ಪಾದ್ರಿಗಳ ಆಸರೆ ಕಳಚಿತು. 1774ರ ಕೊನೆಗೆ ಇಂಗ್ಲಿಷರು ದ್ವೀಪವನ್ನು ವಶಪಡಿಸಿಕೊಂಡರು. ಮಠದ ಕಟ್ಟಡ ಪಾಳುಬಿದ್ದು, ಗುಹೆ ಕಾಲಾನಂತರ ಶಿವನಿಗೆ ಮರಳಿತು.

ಆಳುವವರು ಬದಲಾದಾಗ ಆರಾಧನೆಯೂ ಬದಲಾಗುವ ಈ ಕ್ರಮ ಲೋಕದ ಹಲವೆಡೆ ಕಾಣುತ್ತದೆ. ಸಿರಿಯಾದ ದಮಾಸ್ಕಸ್‌ನಲ್ಲಿ ರೋಮನ್ನರ ಜುಪಿಟರ್ ದೇಗುಲವಿದ್ದ ಆವರಣದಲ್ಲಿ ಸ್ನಾನಿಕ ಯೋಹಾನನ ಇಗರ್ಜಿ ಬಂದಿತು. ಉಮಯ್ಯದ್ ಖಲೀಫ ಮೊದಲನೆಯ ವಲೀದ್ ಇಗರ್ಜಿಯನ್ನು ಕೆಡವಿಸಿ, 705ರಿಂದ 715ರ ಅವಧಿಯಲ್ಲಿ ಅಲ್ಲಿ ಮಹಾ ಮಸೀದಿಯನ್ನು ಕಟ್ಟಿಸಿದ. ಹಳೆಯ ಪ್ರಾಕಾರದ ಗೋಡೆಗಳು ಮಸೀದಿಯ ಹೊರಗೋಡೆಗಳಾದವು. ಯೋಹಾನನದೆಂದು ನಂಬಲಾದ ಶಿರಸ್ಸಿನ ಸಮಾಧಿ ಮಸೀದಿಯೊಳಗಿದ್ದು, ಮುಸ್ಲಿಮರು ಅವನನ್ನು ಯಹ್ಯಾ ಪ್ರವಾದಿಯೆಂದು ಗೌರವಿಸುತ್ತಾರೆ.

ದಮಾಸ್ಕಸ್‌ನಲ್ಲಿ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟಲಾಯಿತು; ಮಂಡಪೇಶ್ವರದಲ್ಲಿ ಬಂಡೆಯನ್ನು ಕೆಡವುವಂತಿರಲಿಲ್ಲ. ಹಾಗಾಗಿ ಎರಡೂ ಕಾಲದ ಗುರುತುಗಳು ಅಲ್ಲಿ ಜೊತೆಯಾಗಿ ಉಳಿದಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಗುಹೆಯ ಗರ್ಭಗೃಹದಲ್ಲಿ ಈಗ ಶಿವಲಿಂಗಕ್ಕೆ ಪೂಜೆ ಸಲ್ಲುತ್ತದೆ. ಬಂಡೆಯ ಶಿಲುಬೆ ಹಾಗೆಯೇ ಇದೆ, ನೆತ್ತಿಯ ಮೇಲೆ ಮಠದ ಮೊಂಡುಗೋಡೆಗಳು ನಿಂತಿವೆ.