ಹೆಬ್ಬಾಳ, ಬೇಗೂರು, ಮಲ್ಲೇಶ್ವರ: ಕಲ್ಲಿನಲ್ಲಿರುವ ವಿಳಾಸ

ಮಸ್ಕಿ ತಾಲ್ಲೂಕಿನ ವಳಕಮದಿನ್ನಿ ಕಡೆಯವರು ದುಡಿಯಲು ಬೆಂಗಳೂರಿಗೆ ಬಂದರೆ ಮೊದಲು ಕೇಳೋದು, "ಯಾವ ಏರಿಯಾದಾಗ ಮನಿ ಸಿಗತದ?" ಅಂತ. ಈ ಏರಿಯಾಗಳ ಹೆಸರು ಎಷ್ಟು ಹಳೆಯವು ಅನ್ನೋದನ್ನು ಶಾಸನಗಳು ಹೇಳುತ್ತವೆ.

ಈಗ ಮೇಲ್ಸೇತುವೆಗೆ ಹೆಸರಾದ ಹೆಬ್ಬಾಳವನ್ನೇ ನೋಡಿ. ಇಲ್ಲಿನ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದರಲ್ಲಿ ಈ ಸೀಮೆ 'ಪೆರ್ಬೊಳಲ್‌ನಾಡು'. ಪೆರ್ ಅಂದರೆ ಹಿರಿದು, ಪೊಳಲ್ ಅಂದರೆ ಪಟ್ಟಣ.

ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ ಸುಮಾರು 900ರ ವೀರಗಲ್ಲು 'ಬೆಂಗಳೂರ ಕಾಳಗ'ವನ್ನು ಹೆಸರಿಸುತ್ತದೆ. ಅಂದಮೇಲೆ 12ನೇ ಶತಮಾನದ ಹೊಯ್ಸಳ ಬಲ್ಲಾಳನಿಗೆ ಅಂಟಿಸಿರುವ ಬೆಂದಕಾಳೂರಿನ ಕಥೆ ನಿಲ್ಲೋದಿಲ್ಲ.

ಮಲ್ಲೇಶ್ವರ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ. ಆದರೆ ಏಕೋಜಿಯ 1669ರ ಶಾಸನ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು ದಾಖಲಿಸಿದೆ. ಆ ಹಳ್ಳಿಯ ಹೆಸರು ಈಗ ಎಷ್ಟು ಜನಕ್ಕೆ ಗೊತ್ತು?

ಕಿತ್ತಯ್ಯನ ಕಲ್ಲು ಹೊರಬಿದ್ದದ್ದು 2018ರಲ್ಲಿ, ಚರಂಡಿಗೆ ನೆಲ ಅಗೆದಾಗ. ಯಾರೂ ಗಮನಿಸದಿದ್ದರೆ ಅದು ಮತ್ತೆ ಮಣ್ಣು ಸೇರುತ್ತಿತ್ತು. ನಮ್ಮ ಮಸ್ಕಿಯ ಅಶೋಕನ ಶಾಸನವೂ ಹಾಗೇ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅನ್ನೋದು ಅದರಿಂದ ಖಚಿತವಾಯಿತು.

ಬೆಂಗಳೂರಿನಲ್ಲಿ ಪಾಯ ತೋಡುವ ಕೈಗಳಲ್ಲಿ ನಮ್ಮ ಕಡೆಯವೂ ಇವೆ. ಅಕ್ಷರವಿರುವ ಕಲ್ಲು ಕಂಡರೆ ಒಡೀಬ್ಯಾಡ್ರಿ, ಬಣ್ಣ ಬಳೀಬ್ಯಾಡ್ರಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸ್ರಿ.