ಬೆಸುಗೆ ಕೆಲಸದಲ್ಲಿ ಬೆಳಕಿನ ವ್ಯವಸ್ಥೆ

ಬೆಸುಗೆ ಕೆಲಸದಲ್ಲಿ ಬೆಳಕಿನ ವ್ಯವಸ್ಥೆ ಎಂದರೆ ವೆಲ್ಡಿಂಗ್ ನಡೆಯುವ ಸ್ಥಳವನ್ನು, ಅದರಲ್ಲೂ ಬೆಸೆಯಬೇಕಾದ ಸಂದನ್ನು, ಹೊರಗಿನ ದೀಪದಿಂದ ಬೆಳಗಿಸುವ ಕ್ರಮ. ವಿದ್ಯುತ್ ಚಾಪವು ಅತ್ಯಂತ ಪ್ರಖರವಾಗಿ ಬೆಳಗುವುದರಿಂದ ಬೆಸುಗೆಗೆ ಬೇರೆ ಬೆಳಕು ಬೇಡವೆಂದು ಅನೇಕರು ಭಾವಿಸುತ್ತಾರೆ. ಆದರೆ ಚಾಪದಿಂದ ಕಣ್ಣನ್ನು ಕಾಯುವ ಕಪ್ಪು ಗಾಜೇ ಕೆಲಸವನ್ನೂ ಮರೆಮಾಡುತ್ತದೆ. ಮಬ್ಬು ಬೆಳಕಿನ ಅಂಗಡಿ, ನೆಲಮಾಳಿಗೆ, ನೀರಿನ ಟ್ಯಾಂಕು, ಬಾಯ್ಲರು, ಹಡಗಿನ ಒಡಲು ಮೊದಲಾದ ಕಡೆ ಈ ತೊಡಕು ಇಮ್ಮಡಿಯಾಗುತ್ತದೆ.

ಕಪ್ಪು ಗಾಜಿನ ಲೆಕ್ಕ

ಮುಖಕವಚದ ಗಾಜಿನ ಕಪ್ಪನ್ನು ‘ಶೇಡ್’ ಸಂಖ್ಯೆಯಿಂದ ಗುರುತಿಸುತ್ತಾರೆ. ಸಂಖ್ಯೆ ಒಂದು ಏರಿದರೆ ಗಾಜಿನ ಮೂಲಕ ಹಾಯುವ ಬೆಳಕು ಸುಮಾರು 2.7 ಪಟ್ಟು ಕಡಿಮೆಯಾಗುತ್ತದೆ. 10ನೇ ಶೇಡಿನ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಏಳು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. 200 ಲಕ್ಸ್ ಬೆಳಕಿರುವ ಕೋಣೆಯಲ್ಲಿ ಈ ಗಾಜಿನಿಂದ ನೋಡಿದರೆ ಕಣ್ಣಿಗೆ ತೋರುವುದು ಸುಮಾರು 0.03 ಲಕ್ಸ್ ಬೆಳಕಿನಲ್ಲಿ ಕಾಣುವಷ್ಟೇ. ಹುಣ್ಣಿಮೆಯ ಬೆಳದಿಂಗಳು ಇದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಚಾಪ ಹೊತ್ತಿಕೊಳ್ಳುವ ತನಕ ಕೆಲಸಗಾರನಿಗೆ ಸಂದು ಕಾಣುವುದೇ ಇಲ್ಲ.

ತಾನಾಗಿ ಕಪ್ಪಾಗುವ ಗಾಜಿನ ಮುಖಕವಚಗಳು ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಿವೆ. ಇವುಗಳ ದ್ರವಸ್ಫಟಿಕದ ಗಾಜು ಸಾಮಾನ್ಯವಾಗಿ 3 ಅಥವಾ 4ನೇ ಶೇಡಿನಲ್ಲಿದ್ದು, ಚಾಪ ಹೊತ್ತಿದ ಕ್ಷಣಾರ್ಧದಲ್ಲಿ ಕಪ್ಪಾಗುತ್ತದೆ. ಆದರೂ 4ನೇ ಶೇಡು ಶೇಕಡಾ 5ರಷ್ಟು ಬೆಳಕನ್ನು ಮಾತ್ರ ಬಿಡುವುದರಿಂದ, ಮೊದಲೇ ಮಬ್ಬಾಗಿರುವ ಸ್ಥಳದಲ್ಲಿ ಇದೊಂದೇ ಸಾಲದು.

ಮಬ್ಬು ಬೆಳಕಿನ ಪರಿಣಾಮಗಳು

ಸಂದು ಕಾಣದಿದ್ದಾಗ ಬೆಸುಗೆಯ ಸಾಲು ದಾರಿ ತಪ್ಪುತ್ತದೆ. ಲೋಹ ಪೂರ್ಣ ಬೆರೆಯದಿರುವುದು, ಅಂಚು ಕೊರೆದುಹೋಗುವುದು, ಕಿಟ್ಟ ಒಳಗೆ ಸಿಕ್ಕಿಕೊಳ್ಳುವುದು ಮುಂತಾದ ದೋಷಗಳು ಉಂಟಾಗಬಹುದು. ಮೇಲ್ನೋಟಕ್ಕೆ ಗಟ್ಟಿಯಾಗಿ ತೋರುವ ಇಂತಹ ಸಂದು ಭಾರ ಬಿದ್ದಾಗ ಬಿಡಬಹುದು.

ಇದಕ್ಕಿಂತ ಗಂಭೀರವಾದುದು ಕಣ್ಣಿಗಾಗುವ ಹಾನಿ. ಎಲೆಕ್ಟ್ರೋಡನ್ನು ಸರಿಯಾದ ಜಾಗಕ್ಕೆ ತಾಗಿಸಲೆಂದು ಕೆಲಸಗಾರನು ಕವಚವನ್ನು ಸರಿಸುತ್ತಾನೆ. ಕೆಲವೊಮ್ಮೆ ಕಣ್ಣು ಮುಚ್ಚಿಕೊಂಡು ಚುಕ್ಕೆ ಬೆಸುಗೆ ಹಾಕಿಬಿಡುತ್ತಾನೆ. ಗ್ರಿಲ್, ಗೇಟು ತಯಾರಿಸುವ ಸಣ್ಣ ಅಂಗಡಿಗಳಲ್ಲಿ ಇದು ಸಾಮಾನ್ಯ ನೋಟ. ಚಾಪದ ಅತಿನೇರಳೆ ಕಿರಣಗಳು ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ಸುಡುತ್ತವೆ. ಇದರ ಲಕ್ಷಣಗಳು ಕೆಲವು ಗಂಟೆಗಳ ಬಳಿಕ, ಹಲವು ವೇಳೆ ರಾತ್ರಿ, ಕಾಣಿಸಿಕೊಳ್ಳುತ್ತವೆ: ಕಣ್ಣಿನಲ್ಲಿ ಮರಳು ಬಿದ್ದಂತಹ ನೋವು, ನೀರು ಸುರಿಯುವುದು, ಬೆಳಕನ್ನು ನೋಡಲಾಗದಿರುವುದು. ಹೀಗಾದಾಗ ಕಣ್ಣನ್ನು ಉಜ್ಜದೆ ವೈದ್ಯರಿಗೆ ತೋರಿಸಬೇಕು. ಚೆನ್ನಾಗಿ ಬೆಳಗಿದ ಸಂದು ಕವಚವನ್ನು ಸರಿಸುವ ಅಗತ್ಯವನ್ನೇ ಕಡಿಮೆ ಮಾಡುವುದರಿಂದ, ದೀಪವನ್ನೂ ಕಣ್ಣಿನ ರಕ್ಷಣೆಯ ಸಾಧನವೆಂದೇ ಎಣಿಸಬೇಕು.

ಕಾಣುವುದಿಲ್ಲವೆಂದು ಮುಖವನ್ನು ಸಂದಿನ ಹತ್ತಿರಕ್ಕೆ ಒಯ್ಯುವುದರಿಂದ ಹೊಗೆಯೂ ಹೆಚ್ಚು ಒಳಸೇರುತ್ತದೆ.

ದೀಪ ಇಡುವ ಕ್ರಮ

ದೀಪದ ಶಕ್ತಿಗಿಂತ ಅದನ್ನು ಇಡುವ ಸ್ಥಳ ಮುಖ್ಯ. ಚಿಕ್ಕ ದೀಪವನ್ನು ಎರಡು ಮೀಟರ್ ದೂರದಿಂದ ಒಂದು ಮೀಟರಿಗೆ ತಂದರೆ ಸಂದಿನ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ.

• ದೀಪವು ಕೆಲಸಗಾರನ ಮುಂಭಾಗದಲ್ಲಿ ಅಥವಾ ಪಕ್ಕದಲ್ಲಿರಬೇಕು. ಬೆನ್ನ ಹಿಂದಿನ ಬೆಳಕು ಕವಚದೊಳಕ್ಕೆ ನುಗ್ಗಿ ಗಾಜಿನ ಒಳಮೈಯಲ್ಲಿ ಪ್ರತಿಫಲಿಸುತ್ತದೆ. ಆಗ ಸಂದಿನ ಬದಲು ತನ್ನ ಮುಖವೇ ಕಾಣುತ್ತದೆ. ಹಿಂದಿನ ಬೆಳಕನ್ನು ತಪ್ಪಿಸಲಾಗದಿದ್ದರೆ ತಲೆಯ ಹಿಂಭಾಗಕ್ಕೆ ಚರ್ಮದ ಅಥವಾ ಬೆಂಕಿ ತಗಲದ ಬಟ್ಟೆಯ ಮುಸುಕು ಹಾಕಿಕೊಳ್ಳಬಹುದು.
• ಬೆಳಕು ಓರೆಯಾಗಿ ಬಿದ್ದರೆ ಸಂದಿನ ಅಂಚು ನೆರಳಿನಿಂದ ಎದ್ದು ಕಾಣುತ್ತದೆ.
• ಕೈಯ ನೆರಳು ಸಂದಿನ ಮೇಲೆ ಬೀಳಬಾರದು. ಎರಡು ಕಡೆಯಿಂದ ಎರಡು ದೀಪಗಳಿದ್ದರೆ ಉತ್ತಮ.
• ತಾನಾಗಿ ಕಪ್ಪಾಗುವ ಕವಚದ ಸಂವೇದಕದ ಮೇಲೆ ದೀಪ ನೇರವಾಗಿ ಬೀಳಬಾರದು. ಚಾಪ ಮತ್ತು ಸಂವೇದಕದ ನಡುವೆ ಏನೂ ಅಡ್ಡ ಬರಬಾರದು.

ಬೆಸೆಯುವ ಗೆರೆಯನ್ನು ಬಳಪದ ಕಲ್ಲಿನಿಂದ ಗುರುತು ಮಾಡುವುದೂ ಸಹಾಯಕ. ಹೊಯ್ಸಳ ದೇವಾಲಯಗಳ ಶಿಲ್ಪಕ್ಕೆ ಬಳಸಿದ ಜಾತಿಯ ಈ ಮೆದು ಕಲ್ಲಿನ ಗುರುತು ಶಾಖಕ್ಕೆ ಬೇಗ ಅಳಿಯುವುದಿಲ್ಲ. ಹೊರಗಿನ ಮುಚ್ಚುಗಾಜಿಗೆ ಕಿಡಿ ಮತ್ತು ಹೊಗೆ ಹತ್ತಿದಾಗ ಅದನ್ನು ಬದಲಾಯಿಸಬೇಕು.

ಸರಿಯಾಗಿ ಕಾಣಲೆಂದು ನಿಗದಿಗಿಂತ ತೆಳು ಶೇಡಿನ ಗಾಜನ್ನು ಬಳಸುವುದು ಅಪಾಯಕರ. ಅಮೆರಿಕದ ಓಎಸ್‌ಎಚ್‌ಎ ಸಂಸ್ಥೆಯ ಕೋಷ್ಟಕದ ಪ್ರಕಾರ 60ರಿಂದ 160 ಆಂಪಿಯರ್‌ವರೆಗಿನ ಎಲೆಕ್ಟ್ರೋಡ್ ಬೆಸುಗೆಗೆ ಕನಿಷ್ಠ 8ನೇ ಶೇಡು, 160ರಿಂದ 250 ಆಂಪಿಯರ್‌ವರೆಗೆ ಕನಿಷ್ಠ 10ನೇ ಶೇಡು ಬೇಕು. ಹೆಚ್ಚಿಸಬೇಕಾದುದು ದೀಪದ ಬೆಳಕನ್ನೇ ಹೊರತು ಚಾಪದ ಬೆಳಕನ್ನಲ್ಲ.

ದೀಪದ ಬಗೆಗಳು

ಹ್ಯಾಲೊಜೆನ್ ದೀಪಗಳು ಪ್ರಖರವಾಗಿದ್ದರೂ ಬಹಳ ಬಿಸಿಯಾಗುತ್ತವೆ. ಇಕ್ಕಟ್ಟಾದ ಜಾಗಕ್ಕೂ ಬಣ್ಣ, ಎಣ್ಣೆ ಇರುವ ಕಡೆಗೂ ತಕ್ಕವಲ್ಲ. ಎಲ್‌ಇಡಿ ದೀಪಗಳು ಅಷ್ಟು ಬಿಸಿಯಾಗುವುದಿಲ್ಲ, ಬ್ಯಾಟರಿಯಿಂದಲೂ ಉರಿಯುತ್ತವೆ. ಅಯಸ್ಕಾಂತದ ಬುಡವಿರುವ ದೀಪಗಳನ್ನು ಕಬ್ಬಿಣಕ್ಕೆ ಅಂಟಿಸಬಹುದು. ಕವಚಕ್ಕೆ ಸಿಕ್ಕಿಸುವ ಚಿಕ್ಕ ದೀಪಗಳು ನೋಟ ಹೊರಳಿದ ಕಡೆಗೇ ಬೆಳಕು ಚೆಲ್ಲುತ್ತವೆ.

ಇಕ್ಕಟ್ಟಾದ ಸ್ಥಳಗಳಲ್ಲಿ ಎಚ್ಚರಿಕೆ

ಟ್ಯಾಂಕಿನ ಒಳಗೆ ಮೈ ಬೆವರಿರುತ್ತದೆ, ಸುತ್ತಲೂ ಲೋಹವಿರುತ್ತದೆ. ಅಲ್ಲಿ ಮನೆಬಳಕೆಯ ವೋಲ್ಟೇಜಿನ ದೀಪದ ತಂತಿ ಸುಲಿದಿದ್ದರೆ ಪ್ರಾಣಕ್ಕೇ ಅಪಾಯ. ಭಾರತದ 1948ರ ಕಾರ್ಖಾನೆಗಳ ಕಾಯಿದೆಯ 36ಎ ಪ್ರಕರಣವು, ಸಾಕಷ್ಟು ಸುರಕ್ಷಾ ಸಾಧನಗಳಿಲ್ಲದಿದ್ದರೆ ಟ್ಯಾಂಕು, ಗುಂಡಿ, ಕೊಳವೆ ಮುಂತಾದ ಇಕ್ಕಟ್ಟಾದ ಸ್ಥಳಗಳ ಒಳಗೆ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಬಳಸುವುದನ್ನು ನಿಷೇಧಿಸಿತು. ಹೊತ್ತಿಕೊಳ್ಳುವ ಅನಿಲ, ಆವಿ ಅಥವಾ ಧೂಳು ಇರಬಹುದಾದಲ್ಲಿ ಜ್ವಾಲಾನಿರೋಧಕ ದೀಪವನ್ನೇ ಬಳಸಬೇಕೆಂದೂ ಅದು ವಿಧಿಸಿತು. ಇಂತಹ ದೀಪವಿದ್ದ ಮಾತ್ರಕ್ಕೆ ಅಲ್ಲಿ ಬೆಸುಗೆ ಮಾಡಬಹುದೆಂದಲ್ಲ. ಅನಿಲವನ್ನು ಸಂಪೂರ್ಣ ಹೊರಹಾಕಿ, ಪರೀಕ್ಷಿಸಿ, ಗಾಳಿಯಾಡುವಂತೆ ಮಾಡುವವರೆಗೆ ಚಾಪ ಹೊತ್ತಿಸಲೇಬಾರದು.

ವೋಲ್ಟೇಜ್ ತಗ್ಗಿಸುವ ಟ್ರಾನ್ಸ್‌ಫಾರ್ಮರನ್ನು ಟ್ಯಾಂಕಿನ ಹೊರಗೇ ಇಡಬೇಕು. ದೀಪಕ್ಕೆ ತಂತಿಜಾಲದ ಕಾಪು ಇರಬೇಕು; ಅದರ ತಂತಿ ಕಿಡಿ ಬೀಳುವ ಜಾಗದಲ್ಲಿ ಹಾಯಬಾರದು. ದೀಪ ಆರಿದರೆ ಹೊರಬರುವ ದಾರಿ ಕಾಣುವಂತೆ ಬ್ಯಾಟರಿಯ ಮತ್ತೊಂದು ದೀಪವೂ, ಟ್ಯಾಂಕಿನ ಬಾಯಿಯ ಬಳಿ ಒಬ್ಬ ಕಾವಲುಗಾರನೂ ಇರುವುದು ಅವಶ್ಯ.